ಕಾಫಿ ತೊಟ್ಟಿಯ ನೀರಿನಲ್ಲಿ ಎಥನಾಲ್, ಮೆಥನಾಲ್ ಅಳೆಯುವುದು: ಕಿಣ್ವ ಆಧಾರಿತ ವಿದ್ಯುತ್‌ರಾಸಾಯನಿಕ ಸಂವೇದಕದ ಸಮಗ್ರ ಮಾರ್ಗದರ್ಶಿ

ಅರೇಬಿಕಾ ಹಣ್ಣನ್ನು ಪಲ್ಪರ್‌ಗೆ ಕೊಟ್ಟು ಸಿಪ್ಪೆ ಬೇರ್ಪಡಿಸಿದ ಮೇಲೆ ಬೀಜಕ್ಕೆ ಅಂಟಿಕೊಂಡೇ ಉಳಿಯುವ ಲೋಳೆಯನ್ನು ತೊಟ್ಟಿಯಲ್ಲಿ ಹುದುಗಿಸಿ ಕಳಚುವ ಪದ್ಧತಿ ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರದ ತೋಟಗಳಲ್ಲಿ ತಲೆಮಾರುಗಳಿಂದ ನಡೆದುಬಂದಿದೆ. ಹುದುಗು ನಡೆಯುವಾಗ ಯೀಸ್ಟ್‌ಗಳು ಲೋಳೆಯ ಸಕ್ಕರೆಯನ್ನು ಎಥನಾಲ್ ಆಗಿ ಮಾರ್ಪಡಿಸುತ್ತವೆ. ಅದೇ ಲೋಳೆಯ ಪೆಕ್ಟಿನ್ ಕಿಣ್ವಗಳಿಂದ ಒಡೆಯುವಾಗ ಮೆಥನಾಲ್ ಬಿಡುಗಡೆಯಾಗುತ್ತದೆ. ಎರಡೂ ಸಾವಯವ ದ್ರಾವಕಗಳು, ಎರಡೂ ಬಣ್ಣವಿಲ್ಲದವು, ಎರಡೂ ನೀರಿನಲ್ಲಿ ಪೂರ್ತಿಯಾಗಿ ಬೆರೆಯುವಂಥವು. ಹುದುಗು ಹದ ಮೀರುತ್ತಿದೆಯೇ ಎಂದು ತಿಳಿಯಲು ಎಥನಾಲ್ ಪ್ರಮಾಣ ಒಂದು ಸೂಚಕ. ಹೊರಬಿಡುವ ನೀರಿನ ದೃಷ್ಟಿಯಿಂದಲೂ ಅದು ಮುಖ್ಯ: 1 ಗ್ರಾಂ ಎಥನಾಲ್ ಸಂಪೂರ್ಣವಾಗಿ ಉತ್ಕರ್ಷಣಗೊಳ್ಳಲು 2.08 ಗ್ರಾಂ ಆಮ್ಲಜನಕ ಬೇಕು, ಮತ್ತು ಈ ನೀರು ಹರಿದು ಸೇರುವುದು ಹೇಮಾವತಿ, ಯಗಚಿ, ಭದ್ರೆಯ ಹಳ್ಳಗಳನ್ನೇ.

ಮಾದರಿಯನ್ನು ಆವಿಯಾಗಿಸಿ ಅದರ ಘಟಕಗಳನ್ನು ಬೇರ್ಪಡಿಸಿ ಅಳೆಯುವ ಗ್ಯಾಸ್ ಕ್ರೊಮ್ಯಾಟೊಗ್ರಾಫ್ ಇದ್ದರೆ ಇದನ್ನು ಅಳೆಯುವುದು ಕಷ್ಟವಲ್ಲ. ಆದರೆ ಆ ಯಂತ್ರ ತೋಟದ ಪಲ್ಪಿಂಗ್ ಶೆಡ್ಡಿಗೆ ಬರುವುದಿಲ್ಲ, ಮಾದರಿಯನ್ನು ಅದರ ಬಳಿಗೆ ಒಯ್ಯುವಷ್ಟರಲ್ಲಿ ಹುದುಗು ಮುಂದೆ ಸಾಗಿರುತ್ತದೆ. ಹಾಸನ, ಚಿಕ್ಕಮಗಳೂರಿನ ಕಾಲೇಜುಗಳ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ ತಯಾರಿಸಿ ತೋಟದಲ್ಲೇ ಬಳಸಬಹುದಾದ ಸಾಧನವೆಂದರೆ ಕಿಣ್ವ ಆಧಾರಿತ ವಿದ್ಯುತ್‌ರಾಸಾಯನಿಕ ಜೈವಿಕ ಸಂವೇದಕ. ಅದನ್ನು ಕಟ್ಟುವ, ಪರೀಕ್ಷಿಸುವ ಮತ್ತು ಅದು ಕೊಡುವ ಅಂಕಿಯನ್ನು ಓದುವ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ. ಸ್ನಾತಕ ಮಟ್ಟದ ರಸಾಯನಶಾಸ್ತ್ರ ಓದಿದವರಿಗೆ, ಮೈಕ್ರೋಪಿಪೆಟ್ ಹಿಡಿದು ಅಭ್ಯಾಸವಿರುವವರಿಗೆ ಇದು ಕೈಗೆಟುಕುವ ಕೆಲಸ.

ಸಂವೇದಕ ನಿಜವಾಗಿ ಏನನ್ನು ಅಳೆಯುತ್ತದೆ

ಲೆಲ್ಯಾಂಡ್ ಕ್ಲಾರ್ಕ್ ಮತ್ತು ಚಾಂಪ್ ಲಯನ್ಸ್ 1962ರಲ್ಲಿ ಕಿಣ್ವ ಎಲೆಕ್ಟ್ರೋಡಿನ ಕಲ್ಪನೆಯನ್ನು ಮುಂದಿಟ್ಟರು; ಇಂದು ಮನೆಮನೆಯಲ್ಲಿರುವ ಸಕ್ಕರೆ ಕಾಯಿಲೆಯ ಗ್ಲುಕೋಮೀಟರ್ ಆ ವಂಶದ್ದೇ. ತತ್ತ್ವ ಸರಳವಾಗಿದೆ. ಎಲೆಕ್ಟ್ರೋಡಿನ ಮೇಲ್ಮೈಯಲ್ಲಿ ಒಂದು ಕಿಣ್ವವನ್ನು ಭದ್ರವಾಗಿ ಕೂರಿಸಲಾಗುತ್ತದೆ. ಅಳೆಯಬೇಕಾದ ವಸ್ತು ಆ ಕಿಣ್ವದೊಂದಿಗೆ ವರ್ತಿಸಿದಾಗ ಉಂಟಾಗುವ ಉತ್ಪನ್ನವೊಂದು ಎಲೆಕ್ಟ್ರೋಡಿನಲ್ಲಿ ಎಲೆಕ್ಟ್ರಾನ್ ಪಡೆದು ಅಥವಾ ಕೊಟ್ಟು ಪ್ರವಾಹವಾಗಿ ಕಾಣಿಸಿಕೊಳ್ಳುತ್ತದೆ, ಮತ್ತು ಆ ಪ್ರವಾಹ ವಸ್ತುವಿನ ಸಾಂದ್ರತೆಗೆ ಅನುಪಾತದಲ್ಲಿರುತ್ತದೆ.

ಇಲ್ಲಿ ಮೊದಲೇ ಮನದಟ್ಟು ಮಾಡಿಕೊಳ್ಳಬೇಕಾದ ವಿಷಯವೊಂದಿದೆ. ಸಂವೇದಕಕ್ಕೆ ‘ಎಥನಾಲ್’ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ತನ್ನ ಕಿಣ್ವ ನಡೆಸುವ ಕ್ರಿಯೆ ಮಾತ್ರ. ಆ ಕ್ರಿಯೆಗೆ ಒಳಪಡುವ ಪ್ರತಿಯೊಂದು ಅಣುವೂ, ಹೆಸರು ಯಾವುದಾದರೂ, ಪ್ರವಾಹಕ್ಕೆ ತನ್ನ ಪಾಲನ್ನು ಸೇರಿಸುತ್ತದೆ. ಕಿಣ್ವವನ್ನು ಆರಿಸುವುದರಿಂದ ಹಿಡಿದು ಲೆಕ್ಕ ಹಾಕುವವರೆಗೆ ಈ ಎಚ್ಚರ ಕೈಬಿಡಬಾರದು. ಕಾಫಿ ತೊಟ್ಟಿಯ ನೀರಿನಲ್ಲಂತೂ ಇದು ಬರಿಯ ತಾತ್ವಿಕ ಎಚ್ಚರಿಕೆಯಲ್ಲ ಎಂಬುದು ಮುಂದಿನ ಲೆಕ್ಕದಲ್ಲಿ ಕಾಣುತ್ತದೆ.

ಕಿಣ್ವದ ಆಯ್ಕೆ

ಆಲ್ಕೋಹಾಲ್‌ಗಳಿಗೆ ಮುಖ್ಯವಾಗಿ ಎರಡು ಕಿಣ್ವಗಳಿವೆ. ಒಂದು ಆಲ್ಕೋಹಾಲ್ ಆಕ್ಸಿಡೇಸ್. ಇದನ್ನು ಪೀಕಿಯಾ ಪಾಸ್ಟೊರಿಸ್ ಎಂದು ಹೆಸರಾದ ಯೀಸ್ಟಿನಂಥ, ಮೆಥನಾಲನ್ನೇ ಆಹಾರವಾಗಿಸಿಕೊಳ್ಳಬಲ್ಲ ಯೀಸ್ಟ್‌ಗಳಿಂದ ಪಡೆಯುತ್ತಾರೆ. ಇದು ಆಲ್ಕೋಹಾಲನ್ನೂ ನೀರಿನಲ್ಲಿ ಕರಗಿರುವ ಆಮ್ಲಜನಕವನ್ನೂ ಬಳಸಿಕೊಂಡು ಆಲ್ಡಿಹೈಡ್ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಉಂಟುಮಾಡುತ್ತದೆ. ಸಹಕಿಣ್ವವನ್ನು (ಕಿಣ್ವದ ಕೆಲಸಕ್ಕೆ ನೆರವಾಗುವ ಸಣ್ಣ ಅಣು) ಹೊರಗಿನಿಂದ ಸೇರಿಸಬೇಕಾಗಿಲ್ಲ, ಏಕೆಂದರೆ ಅದಕ್ಕೆ ಬೇಕಾದ ಎಫ್‌ಎಡಿ ಕಿಣ್ವದೊಳಗೇ ಇದೆ. ಬಳಸಲು ಸುಲಭ. ಆದರೆ ಇದರ ಒಲವು ಮೊದಲು ಮೆಥನಾಲ್ ಕಡೆಗೆ, ಆಮೇಲೆ ಎಥನಾಲ್, ಆಮೇಲೆ ಪ್ರೊಪನಾಲ್. ಇಂಗಾಲದ ಸರಪಳಿ ಉದ್ದವಾದಷ್ಟೂ ಸ್ಪಂದನೆ ಕಡಿಮೆ.

ಇನ್ನೊಂದು ಬೇಕರಿ ಯೀಸ್ಟಿನ ಆಲ್ಕೋಹಾಲ್ ಡಿಹೈಡ್ರೋಜಿನೇಸ್. ಇದಕ್ಕೆ ಎನ್‌ಎಡಿ ಎಂಬ ಸಹಕಿಣ್ವವನ್ನು ಹೊರಗಿನಿಂದ ಕೊಡಬೇಕು, ಆಮ್ಲಜನಕ ಬೇಕಿಲ್ಲ. ಮೆಥನಾಲನ್ನು ಇದು ಹೆಚ್ಚುಕಡಿಮೆ ಗಮನಿಸುವುದೇ ಇಲ್ಲ, ಮತ್ತು ಅದೇ ಇದರ ದೊಡ್ಡ ಗುಣ. ಆದರೆ ಇದರ ಕ್ರಿಯೆ ಹಿಂದಕ್ಕೂ ಮುಂದಕ್ಕೂ ಸಾಗುವಂಥದ್ದಾದ್ದರಿಂದ ಎಥನಾಲಿನಿಂದ ಅಸಿಟಾಲ್ಡಿಹೈಡ್ ಕಡೆಗೆ ಅದನ್ನು ಎಳೆಯಲು ಪಿಎಚ್ 8.5ರ ಆಸುಪಾಸಿನ ಕ್ಷಾರೀಯ ಬಫರ್ ಬೇಕಾಗುತ್ತದೆ.

ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ಮುಖ್ಯ ಸಂವೇದಕವನ್ನು ಆಕ್ಸಿಡೇಸ್‌ನಿಂದ ಕಟ್ಟಿ, ಎಥನಾಲ್ ಎಷ್ಟು, ಮೆಥನಾಲ್ ಎಷ್ಟು ಎಂದು ಬಿಡಿಸಲು ಡಿಹೈಡ್ರೋಜಿನೇಸ್ ಅನ್ನು ಎರಡನೆಯ ಸಾಕ್ಷಿಯಾಗಿ ಇಟ್ಟುಕೊಳ್ಳುವುದು ಉತ್ತಮ. ಒಂದೇ ಕಿಣ್ವ ನೆಚ್ಚಿಕೊಂಡು ತೊಟ್ಟಿಯ ನೀರಿನ ಎಥನಾಲ್ ಇಷ್ಟು ಎಂದು ಘೋಷಿಸುವುದು ಸರಿಯಲ್ಲ.

ಬೇರೆ ದ್ರಾವಕಗಳಿಗೆ ಬೇರೆ ಕಿಣ್ವಗಳು. ಫೀನಾಲ್‌ಗೆ ಅಣಬೆಯಿಂದ ತೆಗೆದ ಟೈರೊಸಿನೇಸ್ ಒಗ್ಗುತ್ತದೆ. ಅದು ಫೀನಾಲನ್ನು ಕೆಟೆಕಾಲ್ ಮಾಡಿ ಕ್ವಿನೋನ್ ಆಗಿಸುತ್ತದೆ, ಕ್ವಿನೋನ್ ಎಲೆಕ್ಟ್ರೋಡಿನಲ್ಲಿ ಅಪಕರ್ಷಣಗೊಂಡು ಪ್ರವಾಹ ಕೊಡುತ್ತದೆ. ಆದರೆ ಕಾಫಿಯ ನೀರಿನಲ್ಲಿ ಸಹಜವಾಗಿಯೇ ಪಾಲಿಫೀನಾಲ್‌ಗಳಿರುವುದರಿಂದ ಇಲ್ಲಿ ಅದನ್ನು ಬಳಸಬೇಡಿ. ಫಾರ್ಮಾಲ್ಡಿಹೈಡ್‌ಗೆ ಅದರದೇ ಡಿಹೈಡ್ರೋಜಿನೇಸ್ ಇದೆ. ಟೊಲ್ವಿನ್, ಡೈಕ್ಲೋರೋಮೀಥೇನ್‌ಗಳಂಥವಕ್ಕೆ ಕಾಲೇಜಿನ ಪ್ರಯೋಗಾಲಯದಲ್ಲಿ ನೆಚ್ಚಬಹುದಾದ ಸರಳ ಕಿಣ್ವ ಎಲೆಕ್ಟ್ರೋಡ್ ಇಲ್ಲ. ಅವುಗಳಿಗೆ ಗ್ಯಾಸ್ ಕ್ರೊಮ್ಯಾಟೊಗ್ರಾಫೇ ದಾರಿ.

ಇದರ ಜೊತೆಗೆ ದ್ರಾವಕವೇ ಕಿಣ್ವವನ್ನು ಕೆಡಿಸುವ ಸಾಧ್ಯತೆಯನ್ನೂ ಗಮನಿಸಬೇಕು. ಕಿಣ್ವದ ಅಣು ತನ್ನ ಸುತ್ತ ತೆಳುವಾದ ನೀರಿನ ಪೊರೆಯನ್ನು ಹೊದ್ದುಕೊಂಡಿರುತ್ತದೆ, ನೀರಿನಲ್ಲಿ ಚೆನ್ನಾಗಿ ಬೆರೆಯುವ ದ್ರಾವಕಗಳು ಹೆಚ್ಚಿನ ಪ್ರಮಾಣದಲ್ಲಿದ್ದಾಗ ಆ ಪೊರೆಯನ್ನೇ ಕಿತ್ತುಕೊಳ್ಳುತ್ತವೆ. ಎಣ್ಣೆ ಮತ್ತು ನೀರಿನ ನಡುವೆ ಒಂದು ದ್ರಾವಕ ಹೇಗೆ ಹಂಚಿಹೋಗುತ್ತದೆ ಎಂಬುದನ್ನು ಹೇಳುವ ಲಾಗ್ ಪಿ ಎಂಬ ಅಳತೆ ಇದಕ್ಕೆ ಕೈಮರವಾಗುತ್ತದೆ: ಅದು 2ಕ್ಕಿಂತ ಕಡಿಮೆಯಿದ್ದರೆ ಶುದ್ಧ ದ್ರಾವಕ ಕಿಣ್ವಕ್ಕೆ ಸಾಮಾನ್ಯವಾಗಿ ಹಾನಿಕರ, 4ಕ್ಕಿಂತ ಹೆಚ್ಚಿದ್ದರೆ ಸಹ್ಯ. ಎಥನಾಲ್ ಮತ್ತು ಅಸಿಟೋನ್‌ಗಳ ಲಾಗ್ ಪಿ ಸೊನ್ನೆಗಿಂತಲೂ ಕೆಳಗಿದೆ. ಹಾಗಾಗಿ ಎಲೆಕ್ಟ್ರೋಡನ್ನು ಎಂದಿಗೂ ಸ್ಪಿರಿಟ್ ಅಥವಾ ಅಸಿಟೋನ್‌ನಿಂದ ತೊಳೆಯಕೂಡದು. ಅಳೆಯುವಾಗಲೂ ಮಾದರಿಯನ್ನು ಬಹಳಷ್ಟು ತೆಳುಗೊಳಿಸಿಯೇ ಅಳೆಯಬೇಕು.

ಸಾಮಗ್ರಿ

ಅಚ್ಚು ಹಾಕಿದ ಕಾರ್ಬನ್ ಎಲೆಕ್ಟ್ರೋಡ್ ಪಟ್ಟಿಗಳು (ಕೆಲಸದ ಎಲೆಕ್ಟ್ರೋಡ್, ಸಹಾಯಕ ಎಲೆಕ್ಟ್ರೋಡ್, ಬೆಳ್ಳಿಯ ಉಲ್ಲೇಖ ಎಲೆಕ್ಟ್ರೋಡ್ ಮೂರೂ ಒಂದೇ ಪಟ್ಟಿಯಲ್ಲಿರುವಂಥವು), ಒಂದು ಪೊಟೆನ್ಷಿಯೊಸ್ಟಾಟ್ (ಎಲೆಕ್ಟ್ರೋಡಿನ ವಿಭವವನ್ನು ಹಿಡಿದಿಟ್ಟು ಪ್ರವಾಹ ಅಳೆಯುವ ಸಾಧನ), ಮೈಕ್ರೋಪಿಪೆಟ್‌ಗಳು, ಪಿಎಚ್ ಮೀಟರ್, 100 ಡಿಗ್ರಿ ತಲುಪುವ ಒಲೆ, ಮೆಲ್ಲಗೆ ಕಲಕುವ ಮ್ಯಾಗ್ನೆಟಿಕ್ ಸ್ಟರರ್, ರೆಫ್ರಿಜರೇಟರ್. ಪೊಟೆನ್ಷಿಯೊಸ್ಟಾಟ್ ದುಬಾರಿ ಎಂದು ಕೈಚೆಲ್ಲಬೇಕಾಗಿಲ್ಲ. ಚೀಪ್‌ಸ್ಟಾಟ್‌ನಂಥ ಮುಕ್ತ ವಿನ್ಯಾಸಗಳು 2011ರಿಂದ ಲಭ್ಯವಿವೆ, ಎಲ್‌ಎಂಪಿ91000 ಎಂಬ ಚಿಪ್ ಬಳಸಿ ಎಲೆಕ್ಟ್ರಾನಿಕ್ಸ್ ವಿಭಾಗದ ವಿದ್ಯಾರ್ಥಿಗಳೇ ಕಟ್ಟಿಕೊಳ್ಳಬಹುದು.

ರಾಸಾಯನಿಕಗಳಲ್ಲಿ ಪೊಟ್ಯಾಸಿಯಂ ಫೆರಿಸಯನೈಡ್, ಫೆರಿಕ್ ಕ್ಲೋರೈಡ್, ಹೈಡ್ರೋಕ್ಲೋರಿಕ್ ಆಮ್ಲ, ಪೊಟ್ಯಾಸಿಯಂ ಕ್ಲೋರೈಡ್, ಫಾಸ್ಫೇಟ್ ಲವಣಗಳು, ದನದ ಸೀರಮ್ ಆಲ್ಬುಮಿನ್, ಗ್ಲುಟರಾಲ್ಡಿಹೈಡ್, ಗ್ಲೈಸೀನ್ ಹಾಗೂ ಕಿಣ್ವಗಳು ಬೇಕು. ಶುದ್ಧ ಎಥನಾಲನ್ನು ಅಬಕಾರಿ ಅನುಮತಿಯಿರುವ ಕಾಲೇಜಿನ ದಾಸ್ತಾನಿನಿಂದಲೇ ಪಡೆಯಿರಿ. ಅಂಗಡಿಯ ಡೀನೇಚರ್ಡ್ ಸ್ಪಿರಿಟ್ ಪ್ರಮಾಣಿತ ದ್ರಾವಣಕ್ಕೆ ಸಲ್ಲದು, ಅದರಲ್ಲಿ ಮೆಥನಾಲ್ ಬೆರೆತಿರುವ ಸಂಭವವಿದೆ, ಅದು ಆಕ್ಸಿಡೇಸ್ ಸಂವೇದಕವನ್ನು ನೇರವಾಗಿ ದಾರಿ ತಪ್ಪಿಸುತ್ತದೆ.

ಮೊದಲ ಹಂತ: ಪ್ರಷ್ಯನ್ ಬ್ಲೂ ಪದರ

ಬರಿಯ ಕಾರ್ಬನ್ ಮೇಲೆ ಹೈಡ್ರೋಜನ್ ಪೆರಾಕ್ಸೈಡನ್ನು ಉತ್ಕರ್ಷಿಸಿ ಅಳೆಯಲು ಹೆಚ್ಚಿನ ವಿಭವ ಬೇಕು. ಆ ವಿಭವದಲ್ಲಿ ಕಾಫಿಯ ಕ್ಲೋರೋಜೆನಿಕ್ ಆಮ್ಲ, ಹಣ್ಣಿನ ಆಸ್ಕಾರ್ಬಿಕ್ ಆಮ್ಲ ಎಲ್ಲವೂ ಉತ್ಕರ್ಷಣಗೊಂಡು ಪ್ರವಾಹ ಕೊಡುತ್ತವೆ. ಕಬ್ಬಿಣ ಮತ್ತು ಸಯನೈಡ್ ಸೇರಿದ ನೀಲಿ ಸಂಯುಕ್ತವಾದ ಪ್ರಷ್ಯನ್ ಬ್ಲೂ ಇದ್ದರೆ ಪೆರಾಕ್ಸೈಡನ್ನು ಸೊನ್ನೆ ವೋಲ್ಟ್ ಆಸುಪಾಸಿನಲ್ಲೇ ಅಪಕರ್ಷಿಸಬಹುದು, ಅಲ್ಲಿ ಈ ಅಡ್ಡಿಗಾರರು ಬಹುಮಟ್ಟಿಗೆ ಸುಮ್ಮನಿರುತ್ತವೆ.

ತಯಾರಿಸುವ ಕ್ರಮ ಹೀಗಿದೆ. 10 ಮಿಲಿಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ 0.1 ಮೋಲಾರ್ ಫೆರಿಸಯನೈಡ್ ದ್ರಾವಣವನ್ನೂ ಅದೇ ಆಮ್ಲದಲ್ಲಿ 0.1 ಮೋಲಾರ್ ಫೆರಿಕ್ ಕ್ಲೋರೈಡ್ ದ್ರಾವಣವನ್ನೂ ಬೇರೆಬೇರೆಯಾಗಿ ಸಿದ್ಧಪಡಿಸಿ. ಕೆಲಸದ ಎಲೆಕ್ಟ್ರೋಡಿನ ಮೇಲೆ ಮಾತ್ರ ಮೊದಲನೆಯದರ 5 ಮೈಕ್ರೋಲೀಟರ್ ಹನಿಸಿ, ಅದರ ಮೇಲೆಯೇ ಎರಡನೆಯದರ 5 ಮೈಕ್ರೋಲೀಟರ್ ಹನಿಸಿ. ಹನಿ ಪಕ್ಕದ ಬೆಳ್ಳಿಯ ಎಲೆಕ್ಟ್ರೋಡಿಗೆ ಹರಿದರೆ ಆ ಪಟ್ಟಿಯನ್ನು ಬದಿಗಿಡಬೇಕು. 10 ನಿಮಿಷ ಮೆಲ್ಲಗೆ ಅಲುಗಾಡಿಸಿ, ಅದೇ ತೆಳು ಆಮ್ಲದಿಂದ ತೊಳೆದು, 100 ಡಿಗ್ರಿ ಸೆಲ್ಸಿಯಸ್ ಒಲೆಯಲ್ಲಿ 90 ನಿಮಿಷ ಇಡಿ. ಈ ಬಿಸಿ ಪದರವನ್ನು ಗಟ್ಟಿಗೊಳಿಸುತ್ತದೆ, ಇದನ್ನು ತಪ್ಪಿಸಿದರೆ ಪದರ ಬಫರಿನಲ್ಲಿ ಬೇಗ ಕರಗಿಹೋಗುತ್ತದೆ. ಫೆರಿಸಯನೈಡಿನ ಉಳಿಕೆಯನ್ನು ಪ್ರಬಲ ಆಮ್ಲದೊಂದಿಗೆ ಎಂದಿಗೂ ಬೆರೆಸಬೇಡಿ. ಬಿಸಿಯಾದರೆ ವಿಷಕಾರಿ ಹೈಡ್ರೋಜನ್ ಸಯನೈಡ್ ಹೊರಬರಬಹುದು.

ಕಿಣ್ವ ಖರ್ಚು ಮಾಡುವ ಮೊದಲು ಈ ಪದರವನ್ನು ಪರೀಕ್ಷಿಸಲೇಬೇಕು. ಔಷಧ ಅಂಗಡಿಯಲ್ಲಿ ಸಿಗುವ ಶೇ 6ರ ಹೈಡ್ರೋಜನ್ ಪೆರಾಕ್ಸೈಡ್ ಸುಮಾರು 1.76 ಮೋಲಾರ್ ಇರುತ್ತದೆ. ಅದರ 0.57 ಮಿಲಿಲೀಟರನ್ನು 100 ಮಿಲಿಲೀಟರಿಗೆ ತೆಳುಗೊಳಿಸಿದರೆ 10 ಮಿಲಿಮೋಲಾರ್. 10 ಮಿಲಿಲೀಟರ್ ಬಫರಿನಲ್ಲಿ ಎಲೆಕ್ಟ್ರೋಡನ್ನು ಮೈನಸ್ 0.05 ವೋಲ್ಟಿನಲ್ಲಿ ಇಟ್ಟು, ತಳಪ್ರವಾಹ (ಏನನ್ನೂ ಸೇರಿಸುವ ಮೊದಲೇ ಇರುವ ಪ್ರವಾಹ) ಸ್ಥಿರವಾದ ಮೇಲೆ ಈ ದ್ರಾವಣದ 50 ಮೈಕ್ರೋಲೀಟರ್ ಸೇರಿಸಿ. ಪ್ರವಾಹ ಮೆಟ್ಟಿಲಿನಂತೆ ಒಮ್ಮೆಲೇ ಬದಲಾಗಿ ನಿಲ್ಲಬೇಕು. ಮತ್ತೆ ಅಷ್ಟೇ ಸೇರಿಸಿದಾಗ ಅಷ್ಟೇ ಎತ್ತರದ ಮೆಟ್ಟಿಲು ಬರಬೇಕು. ಒಂದೇ ದಿನ ತಯಾರಿಸಿದ ಪಟ್ಟಿಗಳಲ್ಲಿ ಮೆಟ್ಟಿಲಿನ ಎತ್ತರ ಉಳಿದವುಗಳಿಗಿಂತ ತೀರಾ ಬೇರೆಯಿರುವುದನ್ನು ಇಲ್ಲಿಯೇ ತೆಗೆದುಹಾಕಿ.

ಎರಡನೆಯ ಹಂತ: ಕಿಣ್ವವನ್ನು ಕೂರಿಸುವುದು

ಪಿಎಚ್ ವಿಷಯದಲ್ಲಿ ಇಲ್ಲಿ ಒಂದು ಎಳೆದಾಟವಿದೆ. ಆಲ್ಕೋಹಾಲ್ ಆಕ್ಸಿಡೇಸ್‌ಗೆ ಪಿಎಚ್ 7.5 ಹಿತವಾದರೆ, ಪ್ರಷ್ಯನ್ ಬ್ಲೂ ಕ್ಷಾರದ ಕಡೆಗೆ ಹೋದಷ್ಟೂ ದುರ್ಬಲವಾಗುತ್ತದೆ. ಇಬ್ಬರಿಗೂ ಒಪ್ಪುವ ನೆಲೆಯಾಗಿ ಪಿಎಚ್ 7.2ರ 0.05 ಮೋಲಾರ್ ಫಾಸ್ಫೇಟ್ ಬಫರ್ ಬಳಸಿ. ಅದರಲ್ಲಿ 0.1 ಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್ ಇರಲೇಬೇಕು, ಏಕೆಂದರೆ ಪ್ರಷ್ಯನ್ ಬ್ಲೂ ಎಲೆಕ್ಟ್ರಾನ್ ಪಡೆಯುವಾಗಲೆಲ್ಲ ಪೊಟ್ಯಾಸಿಯಂ ಅಯಾನು ಅದರ ಜಾಲದೊಳಕ್ಕೆ ಸೇರಬೇಕು. ಸೋಡಿಯಂ ಲವಣ ಅದಕ್ಕೆ ಬದಲಿಯಾಗುವುದಿಲ್ಲ.

ಸಣ್ಣ ಟ್ಯೂಬಿನಲ್ಲಿ ಕಿಣ್ವ ಮತ್ತು ಆಲ್ಬುಮಿನ್ ದ್ರಾವಣಗಳನ್ನು ಬೆರೆಸಿ. ಆಲ್ಬುಮಿನ್ ಅಂತಿಮವಾಗಿ ಶೇ 2ರಷ್ಟಿರಲಿ, ಒಂದು ಎಲೆಕ್ಟ್ರೋಡಿಗೆ 1 ಯೂನಿಟ್ ಆಸುಪಾಸು ಕಿಣ್ವ ಬೀಳುವಂತೆ ಲೆಕ್ಕ ಹಾಕಿ. ಬಳಸುವ ಕ್ಷಣದಲ್ಲಿ ಮಾತ್ರ ಗ್ಲುಟರಾಲ್ಡಿಹೈಡ್ ಸೇರಿಸಿ, ಅಂತಿಮ ಪ್ರಮಾಣ ಶೇ 0.25 ಸಾಕು. ಇದು ಆಲ್ಬುಮಿನ್ ಮತ್ತು ಕಿಣ್ವದ ಅಣುಗಳನ್ನು ಒಂದಕ್ಕೊಂದು ಹೆಣೆದು ನೀರಿನಲ್ಲಿ ಕರಗದ ಜಾಲ ಮಾಡುತ್ತದೆ. ಆದರೆ ಆಲ್ಕೋಹಾಲ್ ಆಕ್ಸಿಡೇಸ್ ಎಂಟು ಉಪಘಟಕಗಳು ಸೇರಿ ಆದ ದೊಡ್ಡ, ಸೂಕ್ಷ್ಮ ಅಣು. ಗ್ಲುಟರಾಲ್ಡಿಹೈಡ್ ಹೆಚ್ಚಾದರೆ ಜಾಲ ಗಟ್ಟಿಯಾಗುತ್ತದೆ, ಕಿಣ್ವ ಸಾಯುತ್ತದೆ. ಕಡಿಮೆಯಾದರೆ ಕಿಣ್ವ ಬದುಕುತ್ತದೆ, ಮೊದಲ ತೊಳೆತದಲ್ಲೇ ಕೊಚ್ಚಿಹೋಗುತ್ತದೆ. ಆದ್ದರಿಂದ ಶೇ 0.1, 0.25, 0.5 ಮೂರು ಪ್ರಮಾಣಗಳಲ್ಲಿ ಎಲೆಕ್ಟ್ರೋಡ್ ಮಾಡಿ ಹೋಲಿಸಿ ನೋಡುವುದು ವ್ಯರ್ಥವಲ್ಲ. ಕಿಣ್ವದ ಪ್ರತಿ ಹೊಸ ಬಾಟಲಿಗೂ ಈ ಹೋಲಿಕೆ ಮಾಡುವುದನ್ನು ನಾನು ಶಿಫಾರಸು ಮಾಡುತ್ತೇನೆ.

ಈ ಮಿಶ್ರಣದ 5 ಮೈಕ್ರೋಲೀಟರನ್ನು ಪ್ರಷ್ಯನ್ ಬ್ಲೂ ಮೇಲೆ ಹನಿಸಿ ಕೋಣೆಯ ಉಷ್ಣತೆಯಲ್ಲಿ ಒಂದು ಗಂಟೆ ಬಿಡಿ. ಆಮೇಲೆ 0.1 ಮೋಲಾರ್ ಗ್ಲೈಸೀನ್ ಇರುವ ಬಫರಿನಲ್ಲಿ ಕೆಲ ನಿಮಿಷ ಅದ್ದಿದರೆ ಉಳಿದ ಗ್ಲುಟರಾಲ್ಡಿಹೈಡ್ ತಣಿಯುತ್ತದೆ. ಕೊನೆಗೆ ಬಫರಿನಿಂದ ತೊಳೆಯಿರಿ. ಗ್ಲುಟರಾಲ್ಡಿಹೈಡಿನ ಆವಿ ಕಣ್ಣು ಮತ್ತು ಶ್ವಾಸನಾಳವನ್ನು ಕೆರಳಿಸುತ್ತದೆ, ಹಾಗಾಗಿ ಫ್ಯೂಮ್ ಹುಡ್ ಒಳಗೆ ಕೈಗವಸು ತೊಟ್ಟು ಕೆಲಸ ಮಾಡಬೇಕು.

ಇದೇ ವೇಳೆ ಕಿಣ್ವವಿಲ್ಲದ, ಬರಿಯ ಆಲ್ಬುಮಿನ್ ಜಾಲವಿರುವ ಎಲೆಕ್ಟ್ರೋಡ್‌ಗಳನ್ನೂ ತಯಾರಿಸಿಟ್ಟುಕೊಳ್ಳಿ. ಮಾದರಿಯ ಯಾವ ಭಾಗದ ಪ್ರವಾಹ ಕಿಣ್ವದ್ದಲ್ಲ ಎಂಬುದನ್ನು ಹೇಳಬಲ್ಲವರು ಇವರೇ. ಇವಿಲ್ಲದೆ ತೊಟ್ಟಿಯ ನೀರನ್ನು ಅಳೆಯುವುದಕ್ಕೆ ಅರ್ಥವಿಲ್ಲ.

ಮೂರನೆಯ ಹಂತ: ಪ್ರಮಾಣಿತ ದ್ರಾವಣ ಮತ್ತು ಮಾಪನ ರೇಖೆ

ಶುದ್ಧ ಎಥನಾಲಿನ 5.84 ಮಿಲಿಲೀಟರನ್ನು ನೀರಿನಲ್ಲಿ 100 ಮಿಲಿಲೀಟರಿಗೆ ಸರಿದೂಗಿಸಿದರೆ 1 ಮೋಲಾರ್ ದ್ರಾವಣ ಸಿಗುತ್ತದೆ. ಅದನ್ನು ಹತ್ತು ಪಟ್ಟು ತೆಳುಗೊಳಿಸಿ 100 ಮಿಲಿಮೋಲಾರ್ ಮಾಡಿಕೊಳ್ಳಿ. ಎಥನಾಲ್ ಆವಿಯಾಗುವುದರಿಂದ ಪ್ರತಿದಿನ ಹೊಸದಾಗಿ ತಯಾರಿಸಬೇಕು, ಬಾಟಲಿಯನ್ನು ಕಂಠದವರೆಗೆ ತುಂಬಿ ಮುಚ್ಚಿಡಬೇಕು.

10 ಮಿಲಿಲೀಟರ್ ಬಫರಿನಲ್ಲಿ ಎಲೆಕ್ಟ್ರೋಡ್ ಇಟ್ಟು, ಮೈನಸ್ 0.05 ವೋಲ್ಟ್ ಕೊಟ್ಟು, ಒಂದೇ ವೇಗದಲ್ಲಿ ಕಲಕುತ್ತ ತಳಪ್ರವಾಹ ನೆಲೆಗೊಳ್ಳುವವರೆಗೆ ಕಾಯಿರಿ. ಅವಸರ ಮಾಡಿದರೆ ಮುಂದಿನ ಎಲ್ಲ ಅಂಕಿಗಳೂ ವಾಲುತ್ತವೆ. ನಂತರ 10 ಮೈಕ್ರೋಲೀಟರಿನಂತೆ ಪ್ರಮಾಣಿತ ದ್ರಾವಣ ಸೇರಿಸುತ್ತ ಹೋಗಿ, ಪ್ರತಿ ಸೇರ್ಪಡೆಯೂ ಸಾಂದ್ರತೆಯನ್ನು 0.1 ಮಿಲಿಮೋಲಾರ್ ಏರಿಸುತ್ತದೆ. ಸಾಂದ್ರತೆಗೆ ಎದುರಾಗಿ ಪ್ರವಾಹವನ್ನು ಗ್ರಾಫಿನಲ್ಲಿ ಗುರುತಿಸಿದಾಗ ಮೊದಲು ಸರಳರೇಖೆ ಬಂದು, ಮುಂದೆ ಅದು ಬಾಗತೊಡಗುತ್ತದೆ. ಬಾಗುವುದಕ್ಕೆ ಮುಂಚಿನ ಭಾಗದಲ್ಲಿ ಮಾತ್ರ ಕೆಲಸ ಮಾಡಬೇಕು. ಇಂಥ ಪದರಗಳಲ್ಲಿ 1 ಮಿಲಿಮೋಲಾರ್ ಒಳಗೇ ಇರುವುದು ಕ್ಷೇಮ.

ರೇಖೆ ಬಾಗಲು ಎರಡು ಕಾರಣಗಳಿವೆ. ಕಿಣ್ವ ತನ್ನ ಸಾಮರ್ಥ್ಯದ ಮಿತಿ ಮುಟ್ಟುವುದು ಒಂದು, ಆಮ್ಲಜನಕ ಸಾಲದಾಗುವುದು ಇನ್ನೊಂದು. ಮಲೆನಾಡಿನವರು ಎರಡನೆಯದಕ್ಕೆ ವಿಶೇಷ ಗಮನ ಕೊಡಬೇಕು. ಸಮುದ್ರಮಟ್ಟದಲ್ಲಿ 25 ಡಿಗ್ರಿಯ ನೀರಿನಲ್ಲಿ ಲೀಟರಿಗೆ ಸುಮಾರು 8.3 ಮಿಲಿಗ್ರಾಂ, ಅಂದರೆ 0.26 ಮಿಲಿಮೋಲಾರ್ ಆಮ್ಲಜನಕ ಕರಗಿರುತ್ತದೆ. ಹಾಸನ, ಚಿಕ್ಕಮಗಳೂರು ಇರುವುದು ಸುಮಾರು 1,000 ಮೀಟರ್ ಎತ್ತರದಲ್ಲಿ. ಗಾಳಿಯ ಒತ್ತಡ ಕಡಿಮೆಯಾಗಿರುವುದರಿಂದ ಕರಗುವ ಆಮ್ಲಜನಕವೂ ಹತ್ತರಲ್ಲಿ ಒಂದು ಪಾಲಿನಷ್ಟು ಕಡಿಮೆ. ಕರಾವಳಿಯ ಊರಿನಲ್ಲಿ ಬರೆದ ಮಾಪನ ರೇಖೆಯನ್ನು, ಅಥವಾ ಪಟ್ಟಿಯ ಜೊತೆ ಬಂದ ಮುದ್ರಿತ ರೇಖೆಯನ್ನು ಇಲ್ಲಿ ಹಾಗೆಯೇ ಬಳಸಲಾಗದು.

ಉಷ್ಣತೆಯ ವಿಷಯವೂ ಅಷ್ಟೇ ಗಂಭೀರ. ಪಲ್ಪಿಂಗ್ ಕಾಲದ ಡಿಸೆಂಬರ್ ಮುಂಜಾನೆಗೂ ಮಧ್ಯಾಹ್ನಕ್ಕೂ ಶೆಡ್ಡಿನ ಉಷ್ಣತೆಯಲ್ಲಿ ಹತ್ತು ಡಿಗ್ರಿಗೂ ಹೆಚ್ಚು ಅಂತರವಿರಬಹುದು, ಅಷ್ಟು ಅಂತರ ಕಿಣ್ವದ ವೇಗವನ್ನು ಸ್ಪಷ್ಟವಾಗಿ ಬದಲಿಸುತ್ತದೆ. ಅಳತೆಯ ಪಾತ್ರೆಯನ್ನು 25 ಡಿಗ್ರಿಯ ನೀರಿನ ತೊಟ್ಟಿಯಲ್ಲಿ ಇಡಿ. ಅದಾಗದಿದ್ದರೆ ಪ್ರತಿ ಮಾದರಿಯ ಜೊತೆಗೂ ಮುಂದೆ ವಿವರಿಸಿರುವ ಸೇರ್ಪಡೆ ವಿಧಾನವನ್ನೇ ಅನುಸರಿಸಿ.

ಪತ್ತೆಯ ಮಿತಿಯನ್ನು ಕಂಡುಹಿಡಿಯಲು ಆಲ್ಕೋಹಾಲ್ ಇಲ್ಲದ ಬಫರನ್ನು ಹತ್ತು ಬಾರಿ ಅಳೆದು, ಬಂದ ಪ್ರವಾಹಗಳ ಪ್ರಮಾಣ ವಿಚಲನೆಯನ್ನು 3.3ರಿಂದ ಗುಣಿಸಿ ರೇಖೆಯ ಇಳಿಜಾರಿನಿಂದ ಭಾಗಿಸಿ. ಸಂಖ್ಯೆಯಾಗಿ ವರದಿ ಮಾಡಲು 3.3ರ ಬದಲು 10ರಿಂದ ಗುಣಿಸಿ ಬಂದ ಮಿತಿಯನ್ನು ಪಾಲಿಸಿ.

ನಾಲ್ಕನೆಯ ಹಂತ: ತೊಟ್ಟಿಯಿಂದ ಮಾದರಿ

ತೊಟ್ಟಿಯ ಮೇಲ್ಭಾಗ, ನಡುಭಾಗ, ತಳ ಮೂರರಿಂದಲೂ ನೀರು ತೆಗೆದು ಬೆರೆಸಿ. ಸೂಕ್ಷ್ಮಜೀವಿಗಳು ಬಾಟಲಿಯೊಳಗೂ ತಮ್ಮ ಕೆಲಸ ಮುಂದುವರಿಸುವುದರಿಂದ 0.45 ಮೈಕ್ರಾನ್ ಫಿಲ್ಟರ್ ಮೂಲಕ ಸ್ಥಳದಲ್ಲೇ ಸೋಸಿ ಐಸ್ ಮೇಲೆ ಇಡಿ. ಲೋಳೆಯಿಂದ ಫಿಲ್ಟರ್ ಕಟ್ಟಿಕೊಂಡರೆ ಮೊದಲು ಸಾಧಾರಣ ಫಿಲ್ಟರ್ ಕಾಗದದಲ್ಲಿ ಸೋಸಿಕೊಳ್ಳಿ. ಬಾಟಲಿಯಲ್ಲಿ ಗಾಳಿಗೆ ಜಾಗ ಬಿಡಬೇಡಿ.

ಹುದುಗಿನ ನೀರಿನ ಪಿಎಚ್ 4ರ ಆಸುಪಾಸಿಗೆ ಇಳಿದಿರುತ್ತದೆ. ಅದನ್ನು ನೇರವಾಗಿ ಎಲೆಕ್ಟ್ರೋಡಿಗೆ ಹಾಕಿದರೆ ಕಿಣ್ವ ಸರಿಯಾಗಿ ಕೆಲಸ ಮಾಡದು. ನೂರು ಪಟ್ಟು ತೆಳುಗೊಳಿಸುವುದರಿಂದ ಬಫರ್ ಪಿಎಚ್ ಅನ್ನು ಹಿಡಿದಿಡುತ್ತದೆ, ಎಥನಾಲ್ ಸರಳರೇಖೆಯ ವ್ಯಾಪ್ತಿಗೆ ಬರುತ್ತದೆ, ಪಾಲಿಫೀನಾಲ್‌ಗಳ ಕಾಟವೂ ತಗ್ಗುತ್ತದೆ. ತೆಳುಗೊಳಿಸಿದ ಮೇಲೆ ಪಿಎಚ್ ಒಮ್ಮೆ ಅಳೆದು ನೋಡಿ.

ಅಳೆಯುವ ಜಾಗದಲ್ಲಿ ಕೈಗೆ ಸ್ಯಾನಿಟೈಸರ್ ಹಚ್ಚಿಕೊಳ್ಳುವುದನ್ನು ಕಟ್ಟುನಿಟ್ಟಾಗಿ ನಿಷೇಧಿಸಬೇಕು. ಅದರ ಆವಿಯಲ್ಲೂ ಬೆರಳಿನ ತೇವದಲ್ಲೂ ಆಲ್ಕೋಹಾಲ್ ಇರುತ್ತದೆ, ಮಿಲಿಮೋಲಾರ್‌ಗಿಂತ ಕೆಳಗಿನ ಅಳತೆಯಲ್ಲಿ ಅಷ್ಟು ಸಾಕು ಅಂಕಿ ಕೆಡಲು. ಸ್ಪಿರಿಟ್ ದೀಪವೂ ಹತ್ತಿರ ಬೇಡ.

ಐದನೆಯ ಹಂತ: ಸೇರ್ಪಡೆ ವಿಧಾನದಲ್ಲಿ ಅಳೆದು ಲೆಕ್ಕ ಹಾಕುವುದು

ತೊಟ್ಟಿಯ ನೀರು ಶುದ್ಧ ಬಫರಿನಂತಲ್ಲ. ಅದರಲ್ಲಿರುವ ಸಕ್ಕರೆ, ಪೆಕ್ಟಿನ್ ತುಣುಕು, ಆಮ್ಲಗಳು ಸಂವೇದಕದ ಸ್ಪಂದನೆಯನ್ನು ಸ್ವಲ್ಪ ಕುಗ್ಗಿಸಬಹುದು. ಹಾಗಾಗಿ ಮಾದರಿ ಇರುವ ಪಾತ್ರೆಯಲ್ಲೇ ಗೊತ್ತಿರುವಷ್ಟು ಎಥನಾಲ್ ಸೇರಿಸಿ, ಆ ದ್ರಾವಣದಲ್ಲೇ ಇಳಿಜಾರನ್ನು ಕಂಡುಕೊಳ್ಳಬೇಕು.

ಲೆಕ್ಕ ಅರ್ಥವಾಗಲೆಂದು ಒಂದು ಉದಾಹರಣೆ. 9.9 ಮಿಲಿಲೀಟರ್ ಬಫರಿಗೆ 0.1 ಮಿಲಿಲೀಟರ್ ಸೋಸಿದ ಮಾದರಿ ಸೇರಿಸಿದಾಗ, ಕಿಣ್ವವಿಲ್ಲದ ಎಲೆಕ್ಟ್ರೋಡಿನ ಪ್ರವಾಹವನ್ನು ಕಳೆದ ಮೇಲೆ, 120 ನ್ಯಾನೋಆಂಪಿಯರ್ ಸಿಕ್ಕಿತೆನ್ನಿ. 100 ಮಿಲಿಮೋಲಾರ್ ಎಥನಾಲಿನ 20 ಮೈಕ್ರೋಲೀಟರ್ ಸೇರಿಸಿದಾಗ ಅದು 200 ಆಗಿ, ಮತ್ತೆ ಅಷ್ಟೇ ಸೇರಿಸಿದಾಗ 280 ಆಯಿತು. ಪ್ರತಿ ಸೇರ್ಪಡೆ 0.2 ಮಿಲಿಮೋಲಾರ್, ಪ್ರತಿ ಏರಿಕೆ 80. ಆದ್ದರಿಂದ ಇಳಿಜಾರು ಮಿಲಿಮೋಲಾರಿಗೆ 400 ನ್ಯಾನೋಆಂಪಿಯರ್. ಪಾತ್ರೆಯಲ್ಲಿ ಮೊದಲು ಇದ್ದದ್ದು 120 ಭಾಗಿಸು 400, ಅಂದರೆ 0.30 ಮಿಲಿಮೋಲಾರ್. ನೂರು ಪಟ್ಟು ತೆಳುಗೊಳಿಸಿದ್ದರಿಂದ ತೊಟ್ಟಿಯಲ್ಲಿ 30 ಮಿಲಿಮೋಲಾರ್, 46.07ರಿಂದ ಗುಣಿಸಿದರೆ ಲೀಟರಿಗೆ 1.38 ಗ್ರಾಂ ಎಥನಾಲ್. ಎರಡು ಏರಿಕೆಗಳು ಸಮನಾಗಿರದಿದ್ದರೆ ಸರಳರೇಖೆಯ ವ್ಯಾಪ್ತಿ ಮೀರಿದೆ ಎಂದೇ ಅರ್ಥ; ಇನ್ನಷ್ಟು ತೆಳುಗೊಳಿಸಿ ಮತ್ತೆ ಅಳೆಯಿರಿ.

ಆದರೆ ಈ 1.38 ಗ್ರಾಂ ಎಂಬುದು ಪ್ರವಾಹವೆಲ್ಲ ಎಥನಾಲಿನದೇ ಎಂದು ಭಾವಿಸಿದಾಗ ಬರುವ ಅಂಕಿ. ಅದನ್ನು ‘ಎಥನಾಲ್ ಸಮಾನ’ ಎಂದು ಬರೆದುಕೊಂಡು ಮುಂದಿನ ಹಂತಕ್ಕೆ ಹೋಗಬೇಕು.

ಆರನೆಯ ಹಂತ: ಎಥನಾಲ್, ಮೆಥನಾಲ್ ಬಿಡಿಸುವುದು

ಇನ್ನೊಂದು ಕಾರ್ಬನ್ ಪಟ್ಟಿಯನ್ನು, ಪ್ರಷ್ಯನ್ ಬ್ಲೂ ಹಾಕದೆ, ಮೆಲ್ಡೋಲಾ ಬ್ಲೂ ಎಂಬ ಬಣ್ಣದ ತೆಳು ದ್ರಾವಣದಲ್ಲಿ ಅದ್ದಿ ತೊಳೆಯಿರಿ. ಡಿಹೈಡ್ರೋಜಿನೇಸ್ ಕ್ರಿಯೆಯಲ್ಲಿ ಉಂಟಾಗುವ ಎನ್‌ಎಡಿಎಚ್ (ಎನ್‌ಎಡಿಯ ಅಪಕರ್ಷಿತ ರೂಪ) ಬರಿಯ ಕಾರ್ಬನ್ ಮೇಲೆ ಉತ್ಕರ್ಷಣಗೊಳ್ಳಲು ಹೆಚ್ಚಿನ ವಿಭವ ಕೇಳುತ್ತದೆ. ಈ ಬಣ್ಣ ಮಧ್ಯವರ್ತಿಯಾಗಿ ನಿಂತು ಅದನ್ನು ಸೊನ್ನೆ ವೋಲ್ಟ್ ಬಳಿಗೆ ಇಳಿಸುತ್ತದೆ. ಪಿಎಚ್ 8.5ರ ಬಫರಿನಲ್ಲಿ ಕೆಲವು ಮಿಲಿಮೋಲಾರ್ ಎನ್‌ಎಡಿ ಕರಗಿಸಿ, ಕಿಣ್ವವನ್ನು ಎಲೆಕ್ಟ್ರೋಡಿಗೆ ಕೂರಿಸುವ ಬದಲು ದ್ರಾವಣಕ್ಕೇ ಹಾಕಿ. ಯೀಸ್ಟಿನ ಈ ಕಿಣ್ವ ಅಷ್ಟೇನೂ ದುಬಾರಿಯಲ್ಲ. ಈ ಪಿಎಚ್‌ನಲ್ಲಿ ಕಾಫಿಯ ಪಾಲಿಫೀನಾಲ್‌ಗಳು ತಾವಾಗಿಯೇ ಕಂದುಗಟ್ಟುತ್ತ ಹೋಗುವುದರಿಂದ ಮಾದರಿ ಸೇರಿಸಿದ ಕೂಡಲೇ ಅಳೆಯಿರಿ, ಕಿಣ್ವ ಹಾಕದ ಪಾತ್ರೆಯನ್ನು ಅದೇ ಸಮಯದಲ್ಲಿ ಅಳೆದು ಕಳೆಯಿರಿ. ಇಲ್ಲಿಯೂ ಸೇರ್ಪಡೆ ವಿಧಾನವೇ.

ಮೇಲಿನ ಮಾದರಿಯಲ್ಲಿ ಈ ಎರಡನೆಯ ಕಿಣ್ವ ಪಾತ್ರೆಯೊಳಗೆ 0.20 ಮಿಲಿಮೋಲಾರ್ ಎಥನಾಲ್ ತೋರಿಸಿತೆಂದು ಇಟ್ಟುಕೊಳ್ಳೋಣ. ಆಕ್ಸಿಡೇಸ್ ಎಲೆಕ್ಟ್ರೋಡಿನಲ್ಲಿ ಅಷ್ಟು ಎಥನಾಲ್ ಕೊಡಬೇಕಾದ ಪ್ರವಾಹ 80 ನ್ಯಾನೋಆಂಪಿಯರ್; ಉಳಿದ 40 ಮೆಥನಾಲಿನದು. ಅದೇ ಎಲೆಕ್ಟ್ರೋಡಿಗೆ ಶುದ್ಧ ಮೆಥನಾಲ್ ಕೊಟ್ಟು ಅಳೆದ ಇಳಿಜಾರು 1,000 ಆಗಿದ್ದರೆ ಮೆಥನಾಲ್ 0.04 ಮಿಲಿಮೋಲಾರ್, ತೊಟ್ಟಿಯಲ್ಲಿ 4 ಮಿಲಿಮೋಲಾರ್, ಅಂದರೆ ಲೀಟರಿಗೆ ಸುಮಾರು 128 ಮಿಲಿಗ್ರಾಂ. ಎಥನಾಲ್ 1.38 ಗ್ರಾಂ ಅಲ್ಲ, 0.92 ಗ್ರಾಂ. ಸ್ವಲ್ಪವೇ ಮೆಥನಾಲ್ ಎಥನಾಲಿನ ಅಂಕಿಯನ್ನು ಅರ್ಧದಷ್ಟು ಉಬ್ಬಿಸಿತ್ತು.

ಕಾಲೇಜಿನಲ್ಲಿ ಯುವಿ ಸ್ಪೆಕ್ಟ್ರೋಫೋಟೋಮೀಟರ್ ಇದ್ದರೆ ಡಿಹೈಡ್ರೋಜಿನೇಸ್ ಕ್ರಿಯೆಯನ್ನು 340 ನ್ಯಾನೋಮೀಟರಿನಲ್ಲೂ ಅಳೆಯಬಹುದು. ಎನ್‌ಎಡಿಎಚ್‌ನ ಮೋಲಾರ್ ಹೀರಿಕೆ ಗುಣಾಂಕ 6,220. ಕ್ಲೋರೋಜೆನಿಕ್ ಆಮ್ಲವೂ ಅದರ ಆಸುಪಾಸಿನಲ್ಲೇ ಬೆಳಕು ಹೀರುವುದರಿಂದ ಅಲ್ಲಿಯೂ ಕಿಣ್ವರಹಿತ ಅಳತೆಯನ್ನು ಕಳೆಯಲೇಬೇಕು.

ಅಂಕಿಯನ್ನು ನಂಬುವ ಮೊದಲು

ಸಂವೇದಕವನ್ನು ತೋಟಕ್ಕೆ ಒಯ್ಯುವ ಮೊದಲು ಕೆಲವು ಮಾದರಿಗಳನ್ನಾದರೂ ಗ್ಯಾಸ್ ಕ್ರೊಮ್ಯಾಟೊಗ್ರಾಫಿನಲ್ಲಿ ಅಳೆಸಿ ಹೋಲಿಸಬೇಕು. ಜೊತೆಗೆ, ಎಥನಾಲ್ ಸೇರಿಸದ ಮತ್ತು ಗೊತ್ತಿರುವಷ್ಟು ಸೇರಿಸಿದ ಮಾದರಿಗಳೆರಡನ್ನೂ ಬೇರೆಬೇರೆಯಾಗಿ ಅಳೆದು, ಸೇರಿಸಿದ್ದರಲ್ಲಿ ಶೇ 90ರಿಂದ 110ರಷ್ಟು ಮರಳಿ ಸಿಗುತ್ತಿದೆಯೇ ಎಂದು ನೋಡಿ.

ತಳಪ್ರವಾಹ ಒಂದೇ ದಿಕ್ಕಿನಲ್ಲಿ ಜಾರುತ್ತಿದ್ದರೆ ಮೊದಲು ಬೆಳ್ಳಿಯ ಉಲ್ಲೇಖ ಎಲೆಕ್ಟ್ರೋಡನ್ನೂ ಬಫರಿನ ಕ್ಲೋರೈಡನ್ನೂ ಪರಿಶೀಲಿಸಿ. ಎಥನಾಲಿಗೆ ಸ್ಪಂದನೆ ಕುಗ್ಗಿದಾಗ ಪೆರಾಕ್ಸೈಡ್ ಪರೀಕ್ಷೆಯನ್ನು ಮತ್ತೆ ಮಾಡಿ. ಪೆರಾಕ್ಸೈಡಿಗೆ ಸ್ಪಂದನೆ ಚೆನ್ನಾಗಿದ್ದರೆ ಸತ್ತಿರುವುದು ಕಿಣ್ವ, ಅದೂ ಕುಗ್ಗಿದ್ದರೆ ಸವೆದಿರುವುದು ಪ್ರಷ್ಯನ್ ಬ್ಲೂ. ಎರಡೂ ಚೆನ್ನಾಗಿದ್ದು ಮಾದರಿಯಲ್ಲಿ ಮಾತ್ರ ಅಂಕಿ ತಪ್ಪುತ್ತಿದ್ದರೆ ದೋಷ ಮಾದರಿಯ ಪಿಎಚ್‌ನಲ್ಲೋ ತೆಳುಗೊಳಿಸಿದ್ದರಲ್ಲೋ ಇರುತ್ತದೆ.

ತಯಾರಾದ ಎಲೆಕ್ಟ್ರೋಡ್‌ಗಳನ್ನು ತೇವ ಹೀರುವ ಸಿಲಿಕಾ ಜೆಲ್ ಜೊತೆ ಮುಚ್ಚಿದ ಡಬ್ಬಿಯಲ್ಲಿ 4 ಡಿಗ್ರಿಯಲ್ಲಿಡಿ. ಬಾಟಲಿಯ ಕಿಣ್ವವನ್ನು ಅದರ ಚೀಟಿ ಹೇಳಿದ ಉಷ್ಣತೆಯಲ್ಲಿ. ಮಳೆಗಾಲದಲ್ಲಿ ದೀರ್ಘಕಾಲ ಕರೆಂಟ್ ಹೋಗುವ ಊರುಗಳಲ್ಲಿ ಕಿಣ್ವವನ್ನು ತೋಟದ ಮನೆಯಲ್ಲಿ ಇಡುವ ಬದಲು ಕಾಲೇಜಿನಲ್ಲೇ ಇಟ್ಟು, ಆಯಾ ವಾರಕ್ಕೆ ಬೇಕಾದಷ್ಟು ಎಲೆಕ್ಟ್ರೋಡ್ ಮಾತ್ರ ಐಸ್ ಪೆಟ್ಟಿಗೆಯಲ್ಲಿ ತರಿಸಿಕೊಳ್ಳಿ. ಪ್ರತಿ ಪಟ್ಟಿಯ ಮೇಲೆ ತಯಾರಿಸಿದ ದಿನಾಂಕವನ್ನೂ ಕಿಣ್ವದ ಬಾಟಲಿಯ ಸಂಖ್ಯೆಯನ್ನೂ ಬರೆದಿರಿ, ಮತ್ತು ಪ್ರತಿ ಬೆಳಿಗ್ಗೆ ಮೊದಲ ಮಾದರಿಗೆ ಮುನ್ನ ಒಂದು ಪ್ರಮಾಣಿತ ದ್ರಾವಣ ಅಳೆದು ದಾಖಲೆ ಪುಸ್ತಕದಲ್ಲಿ ನಮೂದಿಸಿ. ಇಳಿಜಾರು ಮೊದಲ ದಿನದ್ದಕ್ಕಿಂತ ಐದನೇ ಒಂದು ಪಾಲು ಇಳಿದ ಪಟ್ಟಿಯನ್ನು ಬಳಕೆಯಿಂದ ತೆಗೆಯಿರಿ. ಫೆರಿಸಯನೈಡ್, ಗ್ಲುಟರಾಲ್ಡಿಹೈಡ್, ಮೆಥನಾಲ್ ಉಳಿಕೆಗಳನ್ನು ಒಂದಕ್ಕೊಂದು ಬೆರೆಸದೆ ಬೇರೆಬೇರೆ ಕ್ಯಾನುಗಳಲ್ಲಿ ಸಂಗ್ರಹಿಸಿ ಕಾಲೇಜಿನ ರಾಸಾಯನಿಕ ತ್ಯಾಜ್ಯ ವ್ಯವಸ್ಥೆಗೆ ಒಪ್ಪಿಸಬೇಕು. ಅವುಗಳಲ್ಲಿ ಯಾವುದನ್ನೂ ತೋಟದ ಚರಂಡಿಗಾಗಲಿ ಹಳ್ಳಕ್ಕಾಗಲಿ ಸುರಿಯಬಾರದು.